ಶೆಲ್ ಸ್ಕ್ರಿಪ್ಟಿಗೆ ಟೆಸ್ಟ್: ಬ್ಯಾಟ್ಸ್, ಶೆಲ್‌ಸ್ಪೆಕ್, ಶ್‌ಯುನಿಟ್2, ಪೈಥಾನ್ – ಯಾರಿಗೆ ಯಾವುದು?

ಶೆಲ್ ಸ್ಕ್ರಿಪ್ಟಿಗೆ (ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲ್, ಅದನ್ನು ಓದಿ ಓಡಿಸುವುದು ಶೆಲ್) ಟೆಸ್ಟ್ ಬರೆಯೋಣ ಅಂತ ಕೂತವರು ಮೊದಲು ಸಿಕ್ಕಿಹಾಕಿಕೊಳ್ಳುವುದು ಟೂಲ್ ಆರಿಸುವುದರಲ್ಲಿ. ಬ್ಯಾಟ್ಸ್ ಹಾಕೋದಾ, ಶೆಲ್‌ಸ್ಪೆಕ್ ಕಲಿಯೋದಾ, ಶ್‌ಯುನಿಟ್2 ಸಾಕಾ, ನಾವೇ ಇಪ್ಪತ್ತು ಸಾಲು ಬರೆದುಕೊಂಡರೆ ಆಗಲ್ವಾ, ಇಲ್ಲಾ ಇಡೀ ಸ್ಕ್ರಿಪ್ಟನ್ನೇ ಪೈಥಾನ್‌ಗೆ ಬದಲಾಯಿಸಿಬಿಡೋದಾ? ಇವೆಲ್ಲವೂ ಉಚಿತ, ಎಲ್ಲವೂ ಓಪನ್ ಸೋರ್ಸ್. ಹಾಗಾಗಿ ಇಲ್ಲಿ ಖರ್ಚು ಅಂದರೆ ಕಲಿಯೋಕೆ ಹಿಡಿಯುವ ಸಮಯ, ಮುಂದೆ ನೋಡಿಕೊಳ್ಳುವ ಜನ, ಸಿಐ (ಕೋಡ್ ಬದಲಾದಾಗಲೆಲ್ಲ ಟೆಸ್ಟುಗಳನ್ನು ತಾನಾಗೇ ಓಡಿಸುವ ವ್ಯವಸ್ಥೆ) ಓಡುವ ನಿಮಿಷಗಳು.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಎರಡು ವಿಷಯ ಗೊತ್ತಾದರೆ ಈ ಗೊಂದಲ ಬಹುಪಾಲು ಬಗೆಹರಿಯುತ್ತದೆ. ಸ್ಕ್ರಿಪ್ಟ್ ಕೊನೆಗೆ ಯಾವ ಶೆಲ್ಲಿನಲ್ಲಿ ಓಡುತ್ತದೆ? ಅದರಲ್ಲಿ ಲೆಕ್ಕ ಹಾಕುವ ಭಾಗ, ಫೈಲ್ ಅಳಿಸುವಂಥ ನಿಜವಾದ ಕೆಲಸ ಮಾಡುವ ಭಾಗದಿಂದ ಬೇರೆಯಾಗಿದೆಯಾ? ಇವೆರಡಕ್ಕೆ ಉತ್ತರ ಇಲ್ಲದೆ ಯಾವ ಟೂಲ್ ತಂದರೂ ಟೆಸ್ಟುಗಳು ಕಷ್ಟಪಟ್ಟು ಬರೆದು ಬೇಗ ಕೈಬಿಡುವ ವಸ್ತುವಾಗುತ್ತವೆ.

ಶೆಲ್ಲಿಗೆ ಟೆಸ್ಟ್ ಯಾಕೆ ಅನ್ನುವವರಿಗೆ 2015ರ ಜನವರಿಯಲ್ಲಿ ಬಯಲಾದ ಒಂದು ಬಗ್ ಸಾಕು. ಲಿನಕ್ಸ್‌ನಲ್ಲಿ ಸ್ಟೀಮ್ ಗೇಮ್ ಕ್ಲೈಂಟನ್ನು ಶುರುಮಾಡುವ ಸ್ಕ್ರಿಪ್ಟ್, ತಾನು ಯಾವ ಫೋಲ್ಡರಿನಲ್ಲಿದ್ದೇನೆ ಅಂತ ಸಿಡಿ (ಫೋಲ್ಡರ್ ಬದಲಿಸುವ ಕಮಾಂಡ್) ಮಾಡಿ ತಿಳಿದುಕೊಂಡು ಒಂದು ವೇರಿಯಬಲ್ಲಿನಲ್ಲಿ ಇಟ್ಟುಕೊಳ್ಳುತ್ತಿತ್ತು. ಸಿಡಿ ಫೇಲ್ ಆದರೆ ವೇರಿಯಬಲ್ ಖಾಲಿ. ಮುಂದೆ ಒಂದು ಕಡೆ ಆ ವೇರಿಯಬಲ್ಲಿಗೆ ಒಂದು ಸ್ಲ್ಯಾಶ್, ಒಂದು ನಕ್ಷತ್ರ ಅಂಟಿಸಿ ಆರ್‌ಎಂ ಹೈಫನ್ ಆರ್‌ಎಫ್ ಎಂಬ, ಕೇಳದೆ ಎಲ್ಲವನ್ನೂ ಅಳಿಸುವ ಕಮಾಂಡ್ ಕೊಡಲಾಗಿತ್ತು. ವೇರಿಯಬಲ್ ಖಾಲಿಯಾದಾಗ ಉಳಿಯುವುದು ಸ್ಲ್ಯಾಶ್ ಮತ್ತು ನಕ್ಷತ್ರ, ಅಂದರೆ ರೂಟ್ ಎಂಬ ಎಲ್ಲಕ್ಕೂ ಮೇಲಿನ ಫೋಲ್ಡರಿನಿಂದ ಕೆಳಗಿರುವ ಎಲ್ಲವೂ. ಸ್ಟೀಮ್ ಫೋಲ್ಡರನ್ನು ಬೇರೆ ಕಡೆಗೆ ಸರಿಸಿದ್ದ ಬಳಕೆದಾರರೊಬ್ಬರ ಫೈಲುಗಳು ಅಳಿಸಿಹೋದವು. ಆ ಸಾಲಿನ ಬಳಿ ಇದು ಭಯ ಹುಟ್ಟಿಸುತ್ತದೆ ಎಂಬ ಅರ್ಥದ ಕಾಮೆಂಟ್ ಕೂಡ ಇತ್ತು. ಅಪಾಯ ಬರೆದವರ ಕಣ್ಣಿಗೆ ಬಿದ್ದಿತ್ತು, ಆದರೆ ಕಾಮೆಂಟ್ ಯಾವುದನ್ನೂ ತಡೆಯಲ್ಲ. "ಫೋಲ್ಡರ್ ಸಿಗದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲಬೇಕು" ಎಂಬ ಒಂದೇ ಟೆಸ್ಟ್ ಅದನ್ನು ಹಿಡಿಯುತ್ತಿತ್ತು.

ಯಾವುದನ್ನು ನೋಡಿ ತೂಗಬೇಕು

ಮೊದಲನೆಯದು ಶೆಲ್. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಬಿನ್ ಎಸ್‌ಎಚ್ ಅಂತ ಇದ್ದರೆ ಅದು ಬ್ಯಾಶ್ (ಲಿನಕ್ಸ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವ ಶೆಲ್) ಅಂತ ತಿಳಿಯಬೇಡಿ. ಉಬುಂಟು 2006ರ 6.10 ಆವೃತ್ತಿಯಿಂದಲೇ ಎಸ್‌ಎಚ್ ಹೆಸರಿಗೆ ಡ್ಯಾಶ್ ಎಂಬ ಬೇರೆ, ಚಿಕ್ಕ ಶೆಲ್ ಕೊಟ್ಟಿದೆ. ಆಲ್ಪೈನ್ ಎಂಬ ಚಿಕ್ಕ ಲಿನಕ್ಸಿನ ಕಂಟೇನರಿನಲ್ಲಿ ಅದು ಬಿಝಿಬಾಕ್ಸ್‌ನ ಆಶ್, ಅಲ್ಲಿ ಬ್ಯಾಶ್ ಮೊದಲಿಗೆ ಇರುವುದೇ ಇಲ್ಲ. ಮ್ಯಾಕ್ ಜೊತೆ ಬರುವ ಬ್ಯಾಶ್ ಇನ್ನೂ 3.2, ಅಸೋಸಿಯೇಟಿವ್ ಅರೇ (ಹೆಸರು ಕೊಟ್ಟು ಮೌಲ್ಯ ತೆಗೆಯುವ ಪಟ್ಟಿ) ಕೂಡ ಗೊತ್ತಿಲ್ಲದ ಕಾಲದ್ದು. ಬ್ಯಾಶ್‌ನ ಅರೇ, ಎರಡು ಚೌಕ ಬ್ರಾಕೆಟ್ ಇವೆಲ್ಲ ಡ್ಯಾಶ್‌ನಲ್ಲಿ ನಡೆಯಲ್ಲ. ನಿಮ್ಮ ಟೆಸ್ಟ್ ಬ್ಯಾಶ್‌ನಲ್ಲಿ ಪಾಸಾಗಿ ಸ್ಕ್ರಿಪ್ಟ್ ಡ್ಯಾಶ್‌ನಲ್ಲಿ ಓಡುವುದಾದರೆ ಆ ಹಸಿರು ಟಿಕ್‌ಗೆ ಬೆಲೆ ಕಡಿಮೆ.

ಎರಡನೆಯದು, ಸ್ಕ್ರಿಪ್ಟ್ ಹೊರಗಿನ ಏನೇನನ್ನು ಮುಟ್ಟುತ್ತದೆ ಅನ್ನುವುದು. ಬರೀ ಫೈಲಾ? ನೆಟ್‌ವರ್ಕಾ? ಡೇಟಾಬೇಸಾ? ಕರ್ಲ್, ಎಸ್‌ಎಸ್‌ಎಚ್, ಕ್ಲೌಡಿನ ಕಮಾಂಡುಗಳು ಜಾಸ್ತಿ ಇದ್ದಷ್ಟೂ ನಕಲಿ ಕಮಾಂಡುಗಳ (ಟೆಸ್ಟಿನಲ್ಲಿ ನಿಜವಾದದ್ದರ ಬದಲು ನಿಲ್ಲುವವು) ಅಗತ್ಯ ಜಾಸ್ತಿ, ಮತ್ತು ಈ ವಿಷಯದಲ್ಲಿ ಟೂಲುಗಳ ನಡುವೆ ನಿಜವಾದ ವ್ಯತ್ಯಾಸ ಇದೆ.

ಮೂರನೆಯದು ಟೆಸ್ಟ್ ಓಡುವ ಜಾಗ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಏನು ಬೇಕಾದರೂ ಹಾಕಿಕೊಳ್ಳಬಹುದು. ಇಂಟರ್ನೆಟ್ ಇಲ್ಲದ, ಹೊಸದೇನನ್ನೂ ಇನ್‌ಸ್ಟಾಲ್ ಮಾಡೋಕೆ ಬಿಡದ ಕ್ಲೈಂಟ್ ಸರ್ವರಿನಲ್ಲಿ ಆ ಸ್ವಾತಂತ್ರ್ಯ ಇಲ್ಲ.

ಉಳಿದವು ಎರಡು: ಟೆಸ್ಟನ್ನು ಯಾರು ಓದುತ್ತಾರೆ, ಸ್ಕ್ರಿಪ್ಟ್ ಎಷ್ಟು ವರ್ಷ ಬದುಕುತ್ತದೆ. ಒಬ್ಬರೇ ನೋಡಿಕೊಳ್ಳುವ ಐವತ್ತು ಸಾಲಿನ ಸ್ಕ್ರಿಪ್ಟಿಗೂ, ನಾಲ್ಕು ತಂಡಗಳು ಕೈಹಾಕುವ ಡಿಪ್ಲಾಯ್ ಸ್ಕ್ರಿಪ್ಟಿಗೂ ಒಂದೇ ಮದ್ದು ಆಗಲ್ಲ.

ಟೂಲಿಗೆ ಮುಂಚೆ ಸ್ಕ್ರಿಪ್ಟಿನ ಆಕಾರ

ಇದನ್ನು ದಾಟಿ ಮುಂದೆ ಹೋಗಬೇಡಿ ಅಂತ ಕೇಳಿಕೊಳ್ಳುತ್ತೇನೆ, ಯಾಕಂದರೆ ಕೆಳಗಿನ ಯಾವ ಟೂಲ್ ಆರಿಸಿದರೂ ಇದು ಬೇಕೇ ಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಎಲ್ಲ ಕಡೆ ಇರುವ ಬ್ಯಾಕಪ್ ಸ್ಕ್ರಿಪ್ಟ್: ಡೇಟಾಬೇಸಿನ ಪ್ರತಿ ತೆಗೆದು, ಹೆಸರಿನಲ್ಲಿ ತಾರೀಕು ಹಾಕಿ ಫೋಲ್ಡರಿನಲ್ಲಿ ಇಡುತ್ತದೆ. 14 ದಿನಕ್ಕಿಂತ ಹಳೆಯದನ್ನು ಅಳಿಸುತ್ತದೆ. ಸಾಮಾನ್ಯವಾಗಿ ಇದನ್ನು ಮೇಲಿನಿಂದ ಕೆಳಗೆ ಒಂದೇ ಉಸಿರಿನಲ್ಲಿ ಬರೆದಿರುತ್ತಾರೆ. ಒಂದು ಲೂಪ್, ಅದರೊಳಗೇ ಡೇಟ್ ಕಮಾಂಡ್, ಅದರೊಳಗೇ ಆರ್‌ಎಂ. ಇದನ್ನು ಟೆಸ್ಟ್ ಮಾಡಬೇಕೆಂದರೆ ನಿಜವಾದ ಫೈಲ್ ಅಳಿಸಬೇಕು, ಜೊತೆಗೆ ಇವತ್ತಿನ ತಾರೀಕಿನ ಮೇಲೆ ಫಲಿತಾಂಶ ನಿಂತಿರುತ್ತದೆ. ಇವತ್ತು ಪಾಸಾದ ಟೆಸ್ಟ್ ಮುಂದಿನ ತಿಂಗಳು ಫೇಲ್ ಆಗಬಹುದು.

ಇದನ್ನು ಹೀಗೆ ಬಿಡಿಸಿ. ಒಂದು ಫಂಕ್ಷನ್ ಫೈಲ್ ಹೆಸರುಗಳ ಪಟ್ಟಿಯನ್ನು ಸ್ಟ್ಯಾಂಡರ್ಡ್ ಇನ್‌ಪುಟ್ಟಿನಿಂದ, ಸಾಲಿಗೊಂದರಂತೆ ಓದುತ್ತದೆ. ಗಡಿ ತಾರೀಕು ಅದಕ್ಕೆ ಮೊದಲ ಆರ್ಗ್ಯುಮೆಂಟಾಗಿ ಬರುತ್ತದೆ, ಉದಾಹರಣೆಗೆ 2025-03-01. ಹೆಸರಿನಲ್ಲಿರುವ ತಾರೀಕಿನ ಹೈಫನ್ ತೆಗೆದರೆ 20250228 ಎಂಬ ಎಂಟಂಕಿಯ ಸಂಖ್ಯೆ ಸಿಗುತ್ತದೆ. ಗಡಿಯದ್ದು 20250301. ಚಿಕ್ಕದಾದರೆ ಹೆಸರನ್ನು ಹೊರಗೆ ಬರೆ, ಇಲ್ಲದಿದ್ದರೆ ಬಿಡು. ಅಷ್ಟೇ. ಈ ಫಂಕ್ಷನ್ನಿನೊಳಗೆ ಆರ್‌ಎಂ ಇಲ್ಲ, ಡೇಟ್ ಇಲ್ಲ, ಫೋಲ್ಡರೂ ಇಲ್ಲ. ಬರೀ ಸಂಖ್ಯೆ ಹೋಲಿಸುವುದರಿಂದ ಡ್ಯಾಶ್‌ನಲ್ಲೂ ಓಡುತ್ತದೆ. ಗ್ನೂ ಡೇಟಿನಲ್ಲಿ ಹದಿನಾಲ್ಕು ದಿನ ಹಿಂದೆ ಹೋಗಲು ಒಂದು ಆಪ್ಷನ್, ಮ್ಯಾಕ್‌ನ ಡೇಟಿನಲ್ಲಿ ಬೇರೆಯೇ ಆಪ್ಷನ್. ಆ ತಲೆನೋವನ್ನೆಲ್ಲ ಹೊರಗಿನ ತೆಳು ಪದರಕ್ಕೆ ಬಿಡಿ.

ಈಗ ಟೆಸ್ಟುಗಳು ತಾವೇ ಹೊಳೆಯುತ್ತವೆ. ಗಡಿಯ ದಿನದ್ದೇ ಫೈಲ್ ಇದ್ದರೆ ಉಳಿಯಬೇಕು. ಹಿಂದಿನ ದಿನದ್ದು ಹೋಗಬೇಕು. ಪಟ್ಟಿ ಖಾಲಿಯಿದ್ದರೆ ಔಟ್‌ಪುಟ್ ಕೂಡ ಖಾಲಿ. ತಾರೀಕೇ ಇಲ್ಲದ ಹೆಸರು ಬಂದರೆ ಅದನ್ನು ಮುಟ್ಟಬಾರದು. "ಮನೆ ಬಾಡಿಗೆ" ಅಂತ ನಡುವೆ ಜಾಗ ಇರುವ ಹೆಸರು ಎರಡಾಗಿ ಒಡೆಯಬಾರದು. ಇವು ಯಾವುದಕ್ಕೂ ನಕಲಿ ಕಮಾಂಡ್ ಬೇಡ, ಕಂಟೇನರ್ ಬೇಡ. ಕೊನೆಗೆ ಅಳಿಸುವ ಭಾಗ ಎರಡು ಮೂರು ಸಾಲು ಉಳಿಯುತ್ತದೆ. ಅಲ್ಲಿ ಫೋಲ್ಡರ್ ವೇರಿಯಬಲ್ಲಿಗೆ ಕೋಲನ್ ಮತ್ತು ಪ್ರಶ್ನೆ ಚಿಹ್ನೆಯ ರೂಪ ಬಳಸಿದರೆ, ಅದು ಖಾಲಿಯಿದ್ದಾಗ ಶೆಲ್ಲೇ ನಿಲ್ಲಿಸುತ್ತದೆ. ಸ್ಟೀಮ್ ಸ್ಕ್ರಿಪ್ಟಿನಲ್ಲಿ ಬೇಕಿದ್ದದ್ದು ಇದೇ.

ಇನ್ನೊಂದು ಕೆಲಸ: ಸ್ಕ್ರಿಪ್ಟನ್ನು ಸೋರ್ಸ್ ಮಾಡಿದಾಗ (ಬೇರೆ ಫೈಲಿನಿಂದ ಅದೇ ಶೆಲ್ಲಿನೊಳಗೆ ಓದಿಕೊಂಡಾಗ) ಫಂಕ್ಷನ್ನುಗಳು ಮಾತ್ರ ಒಳಗೆ ಬರಬೇಕು, ಕೆಲಸ ಶುರುವಾಗಬಾರದು. ಎಲ್ಲವನ್ನೂ ಫಂಕ್ಷನ್ನಿನಲ್ಲಿಟ್ಟು, ಕೊನೆಯಲ್ಲಿ ಮೇನ್ ಎಂಬ ಫಂಕ್ಷನ್ನನ್ನು ಕರೆಯಿರಿ. ಬ್ಯಾಶ್ ಆದರೆ ಬ್ಯಾಶ್ ಸೋರ್ಸ್ ವೇರಿಯಬಲ್ (ಈ ಕೋಡ್ ಇರುವ ಫೈಲಿನ ಹೆಸರು) ಮತ್ತು ಡಾಲರ್ ಸೊನ್ನೆ (ಓಡಿಸಿದ ಫೈಲಿನ ಹೆಸರು) ಒಂದೇ ಇದ್ದಾಗ ಮಾತ್ರ ಮೇನ್ ಓಡಲಿ ಅಂತ ಷರತ್ತು ಹಾಕಬಹುದು. ಡ್ಯಾಶ್‌ನಂಥ, ಪಾಸಿಕ್ಸ್ ಎಂಬ ಸಾಮಾನ್ಯ ಮಾನದಂಡವನ್ನಷ್ಟೇ ಪಾಲಿಸುವ ಶೆಲ್ಲಿನಲ್ಲಿ ಆ ವೇರಿಯಬಲ್ ಇಲ್ಲ. ಅಲ್ಲಿ ಫಂಕ್ಷನ್ನುಗಳಿಗೆ ಒಂದು ಫೈಲ್, ಓಡಿಸಲು ಒಂದು ಫೈಲ್ ಮಾಡುವುದೇ ಸರಳ.

ಸೆಟ್ ಹೈಫನ್ ಇ ಬಗ್ಗೆ ಒಂದು ಎಚ್ಚರಿಕೆ, ಇದು ಟೆಸ್ಟಿಗೆ ನೇರ ಸಂಬಂಧಪಟ್ಟದ್ದು. ಯಾವುದೇ ಕಮಾಂಡ್ ಫೇಲ್ ಆದರೆ ನಿಲ್ಲು ಅನ್ನುವ ಈ ಸೆಟ್ಟಿಂಗ್, ಫಂಕ್ಷನ್ನನ್ನು ಇಫ್ ಒಳಗೆ ಅಥವಾ ಎರಡು ಆಂಪರ್ಸ್ಯಾಂಡಿನ ಎಡಗಡೆ ಕರೆದಾಗ ಆ ಫಂಕ್ಷನ್ನಿನ ಒಳಗೆಲ್ಲ ಕೆಲಸ ಮಾಡಲ್ಲ. ಬ್ಯಾಟ್ಸ್‌ನಲ್ಲಿ ಕಮಾಂಡ್ ಓಡಿಸಿ ನೋಡುವ ರನ್ ಕೂಡ ಅದನ್ನು ಆಫ್ ಮಾಡಿಯೇ ಓಡಿಸುತ್ತದೆ. ಅಂದರೆ ನಿಜವಾಗಿ ಓಡುವಾಗ ಮೂರನೇ ಸಾಲಿನಲ್ಲಿ ನಿಲ್ಲುವ ಫಂಕ್ಷನ್, ಟೆಸ್ಟಿನಲ್ಲಿ ಕೊನೆಯವರೆಗೂ ಹೋಗಬಹುದು. ಹಾಗಾಗಿ ಮುಖ್ಯ ಸಾಲುಗಳ ಪಕ್ಕದಲ್ಲೇ "ಫೇಲ್ ಆದರೆ ರಿಟರ್ನ್" ಅಂತ ಬರೆದುಬಿಡಿ. ಸಾಲು ಸ್ವಲ್ಪ ಉದ್ದ ಆಗುತ್ತದೆ, ಆದರೆ ಎಲ್ಲಿ ಕರೆದರೂ ಒಂದೇ ಥರ ನಡೆದುಕೊಳ್ಳುತ್ತದೆ.

ಶೆಲ್‌ಚೆಕ್: ಆಯ್ಕೆ ಅಲ್ಲ, ಎಲ್ಲರಿಗೂ

ಶೆಲ್‌ಚೆಕ್ ಸ್ಕ್ರಿಪ್ಟನ್ನು ಓಡಿಸದೆ ಓದಿ ತಪ್ಪು ಹೇಳುತ್ತದೆ. ಕೋಟ್ ಹಾಕದ ವೇರಿಯಬಲ್, ಖಾಲಿಯಾದರೆ ರೂಟನ್ನೇ ಅಳಿಸುವ ಆರ್‌ಎಂ, ಲೋಕಲ್ ಜೊತೆ ಒಂದೇ ಸಾಲಿನಲ್ಲಿ ಕಮಾಂಡಿನ ಫಲಿತಾಂಶ ಹಿಡಿದು ಎಕ್ಸಿಟ್ ಸ್ಟೇಟಸ್ (ಪಾಸೋ ಫೇಲೋ ಅಂತ ಕಮಾಂಡ್ ಹೇಳುವ ಸಂಖ್ಯೆ) ಕಳೆದುಕೊಳ್ಳುವುದು, ಎಸ್‌ಎಚ್ ಅಂತ ಹೇಳಿ ಬ್ಯಾಶ್ ಬರೆಯುವುದು, ಇವನ್ನೆಲ್ಲ ಹಿಡಿಯುತ್ತದೆ. ಪ್ರತಿ ಎಚ್ಚರಿಕೆಗೂ ಒಂದು ನಂಬರ್ ಇದೆ, ನಂಬರಿಗೆ ವಿವರಣೆ ಇದೆ. ಹೊಸದಾಗಿ ಶೆಲ್ ಕಲಿಯುವವರಿಗೆ ಇದೇ ಒಳ್ಳೆ ಪಾಠ.

ಆದರೆ 14 ದಿನದ ಬದಲು 4 ದಿನ ಅಂತ ಬರೆದರೆ ಅದಕ್ಕೆ ಗೊತ್ತಾಗಲ್ಲ. ತೀರಾ ಸಮಯ ಇಲ್ಲದವರು ಇದೊಂದನ್ನಾದರೂ ಸಿಐಗೆ ಹಾಕಿ. ಉಳಿದವರು ಇದರ ಜೊತೆಗೆ ಮುಂದಿನವುಗಳಲ್ಲಿ ಒಂದನ್ನು ಸೇರಿಸಿ.

ಸ್ವಂತವಾಗಿ ಬರೆದ ಟೆಸ್ಟ್

ಬೇಕಾಗಿರುವುದು ಒಂದು ಫಂಕ್ಷನ್: ನಿರೀಕ್ಷೆ ಒಂದು ಕಡೆ, ಬಂದದ್ದು ಇನ್ನೊಂದು ಕಡೆ, ಬೇರೆಯಿದ್ದರೆ ಎರಡನ್ನೂ ತೋರಿಸಿ ಲೆಕ್ಕ ಒಂದು ಹೆಚ್ಚಿಸು. ಕೊನೆಯಲ್ಲಿ ಲೆಕ್ಕ ಸೊನ್ನೆ ಅಲ್ಲದಿದ್ದರೆ ಫೇಲ್ ಆಗಿ ಹೊರಬಾ. ಯಾವ ಶೆಲ್ಲಿನಲ್ಲೂ ಓಡುತ್ತದೆ, ಯಾರ ಅನುಮತಿಯೂ ಬೇಡ.

ಇದನ್ನು ಕೀಳಾಗಿ ನೋಡಬೇಡಿ. ಗಿಟ್ ಯೋಜನೆಯ ದೊಡ್ಡ ಟೆಸ್ಟ್ ರಾಶಿ ಓಡುವುದು ಅವರೇ ಶೆಲ್ಲಿನಲ್ಲಿ ಬರೆದುಕೊಂಡ ಲೈಬ್ರರಿಯ ಮೇಲೆ. ತೊಂದರೆ ಇರುವುದು ಬೆಳೆದಾಗ. ಇವತ್ತು ಹೋಲಿಕೆ ಸಾಕು ಅನ್ನಿಸುತ್ತದೆ. ನಾಳೆ ಪ್ರತಿ ಟೆಸ್ಟಿಗೂ ಹೊಸ ತಾತ್ಕಾಲಿಕ ಫೋಲ್ಡರ್ ಬೇಕು, ನಾಡಿದ್ದು ಒಂದೇ ಟೆಸ್ಟ್ ಓಡಿಸುವ ದಾರಿ ಬೇಕು, ಆಮೇಲೆ ಸಿಐ ಓದಬಲ್ಲ ಜೆಯುನಿಟ್ ಮಾದರಿಯ ರಿಪೋರ್ಟ್ ಬೇಕು. ಅಷ್ಟರಲ್ಲಿ ನೀವು ಒಂದು ಅರೆಬರೆ ಫ್ರೇಮ್‌ವರ್ಕ್ ಬರೆದಿರುತ್ತೀರಿ, ಅದಕ್ಕೆ ಡಾಕ್ಯುಮೆಂಟೇಶನ್ ಇರಲ್ಲ. ಐದಾರು ಫಂಕ್ಷನ್, ಒಬ್ಬರೇ ಮಾಲೀಕರು ಅಂದರೆ ಇದು ಸರಿ. ಅದಕ್ಕಿಂತ ಜಾಸ್ತಿಯಾದರೆ ಬೇಡ.

ಶ್‌ಯುನಿಟ್2

ಜಾವಾದ ಜೆಯುನಿಟ್ ನೋಡಿದವರಿಗೆ ಇದು ತಕ್ಷಣ ಪರಿಚಿತ. ಟೆಸ್ಟ್ ಎಂಬ ಪದದಿಂದ ಶುರುವಾಗುವ ಫಂಕ್ಷನ್ನುಗಳು, ಮುಂಚೆ ಸೆಟ್‌ಅಪ್, ಆಮೇಲೆ ಟೇರ್‌ಡೌನ್, ಒಳಗೆ ಅಸರ್ಟ್ ಈಕ್ವಲ್ಸ್. ಫೈಲಿನ ಕೊನೆಯಲ್ಲಿ ಶ್‌ಯುನಿಟ್2 ಅನ್ನು ಸೋರ್ಸ್ ಮಾಡಿದರೆ ಎಲ್ಲವೂ ಓಡುತ್ತದೆ.

ಇದರ ದೊಡ್ಡ ಗುಣ, ಇಡೀ ಟೂಲ್ ಒಂದೇ ಶೆಲ್ ಫೈಲ್. ನಿಮ್ಮ ರೆಪೋದಲ್ಲೇ (ಕೋಡ್ ಇಡುವ ಜಾಗ) ಕಾಪಿ ಮಾಡಿಟ್ಟರೆ ಮುಗಿಯಿತು. ಡ್ಯಾಶ್, ಬ್ಯಾಶ್, ಕಾರ್ನ್ ಶೆಲ್, ಝೆಡ್ ಶೆಲ್ ಎಲ್ಲದರಲ್ಲೂ ಓಡುತ್ತದೆ (ಝೆಡ್ ಶೆಲ್ಲಿಗೆ ಪದ ಒಡೆಯುವ ಆಪ್ಷನ್ ಒಂದನ್ನು ಆನ್ ಮಾಡಬೇಕು). ಇನ್‌ಸ್ಟಾಲ್ ಮಾಡೋಕೆ ಬಿಡದ ಸರ್ವರುಗಳಲ್ಲಿ ಕೆಲಸ ಮಾಡುವವರಿಗೆ ನಾನು ಮೊದಲು ಹೇಳುವ ಹೆಸರು ಇದೇ.

ಕೊರತೆಗಳೂ ಇವೆ. ಒಂದು ಅಸರ್ಟ್ ಫೇಲ್ ಆದರೂ ಆ ಟೆಸ್ಟ್ ಫಂಕ್ಷನ್ ನಿಲ್ಲದೆ ಮುಂದೆ ಓಡುತ್ತದೆ. ಮೊದಲ ತಪ್ಪಿನ ಹಿಂದೆ ಇನ್ನೂ ನಾಲ್ಕು ತಪ್ಪು ಸಾಲಾಗಿ ಬಂದು ಮೂಲ ಯಾವುದು ಅಂತ ಹುಡುಕಬೇಕಾಗುತ್ತದೆ. ನಕಲಿ ಕಮಾಂಡಿಗೆ ವಿಶೇಷ ಸಹಾಯ ಇಲ್ಲ, ಎಲ್ಲ ಕೈಯಿಂದಲೇ ಮಾಡಿಕೊಳ್ಳಬೇಕು.

ಬ್ಯಾಟ್ಸ್

ಹೆಚ್ಚಿನವರು ಕೊನೆಗೆ ಬಂದು ನಿಲ್ಲುವುದು ಇಲ್ಲಿ, ಅದಕ್ಕೆ ಕಾರಣವೂ ಇದೆ. ಸ್ಯಾಮ್ ಸ್ಟೀಫನ್ಸನ್ ಬರೆದ ಮೂಲ ಬ್ಯಾಟ್ಸ್ ಮುಂದೆ ಬೆಳೆಯದೆ ನಿಂತಾಗ 2017ರಲ್ಲಿ ಸಮುದಾಯದವರು ಬ್ಯಾಟ್ಸ್-ಕೋರ್ ಅಂತ ಮುಂದುವರಿಸಿದರು. ಇವತ್ತು ಬ್ಯಾಟ್ಸ್ ಅಂದರೆ ಅದೇ. ಹಳೆಯ ರೆಪೋದಿಂದ ಇಳಿಸಿಕೊಳ್ಳಬೇಡಿ.

ಟೆಸ್ಟ್ ಬರೆಯುವುದು ಸರಳ. ಆ್ಯಟ್ ಚಿಹ್ನೆ, ಟೆಸ್ಟ್ ಎಂಬ ಪದ, ಕೋಟಿನೊಳಗೆ ಒಂದು ವಾಕ್ಯದ ವಿವರಣೆ, ಆಮೇಲೆ ಬ್ರೇಸಿನೊಳಗೆ ಮಾಮೂಲಿ ಬ್ಯಾಶ್. ರನ್ ಜೊತೆ ಕಮಾಂಡ್ ಕೊಟ್ಟರೆ ಎಕ್ಸಿಟ್ ಸ್ಟೇಟಸ್ ಒಂದು ವೇರಿಯಬಲ್ಲಿನಲ್ಲಿ, ಔಟ್‌ಪುಟ್ ಇನ್ನೊಂದರಲ್ಲಿ, ಸಾಲು ಸಾಲಾಗಿ ಒಂದು ಅರೇಯಲ್ಲಿ ಸಿಗುತ್ತದೆ. ಯಾವುದೇ ಸಾಲು ಫೇಲ್ ಆದರೆ ಟೆಸ್ಟ್ ಅಲ್ಲೇ ಫೇಲ್, ಸಾಲಿನ ನಂಬರ್ ಸಮೇತ. ಬ್ಯಾಶ್ ಗೊತ್ತಿರುವವರು ಮಧ್ಯಾಹ್ನದೊಳಗೆ ಬರೆಯೋಕೆ ಶುರುಮಾಡಬಹುದು. ಬ್ಯಾಟ್ಸ್-ಅಸರ್ಟ್ ಎಂಬ ಸಹಾಯಕ ಲೈಬ್ರರಿ ಸೇರಿಸಿಕೊಂಡರೆ ಫೇಲ್ ಆದಾಗ ಏನು ಬರಬೇಕಿತ್ತು, ಏನು ಬಂತು ಎರಡನ್ನೂ ಚೆನ್ನಾಗಿ ತೋರಿಸುತ್ತದೆ. ಡೆಬಿಯನ್, ಉಬುಂಟುವಿನಲ್ಲಿ ಪ್ಯಾಕೇಜ್ ಇದೆ. ಶೆಲ್‌ಚೆಕ್ ಕೂಡ ಬ್ಯಾಟ್ಸ್ ಫೈಲುಗಳನ್ನು ಅರ್ಥಮಾಡಿಕೊಳ್ಳುತ್ತದೆ. ತಂಡಕ್ಕೆ ಹೊಸಬರು ಬಂದರೆ ಟೆಸ್ಟ್ ಓದಿಯೇ ಸ್ಕ್ರಿಪ್ಟ್ ಏನು ಮಾಡುತ್ತೆ ಅಂತ ತಿಳಿಯುತ್ತದೆ. ಇದಕ್ಕೆ ನಾನು ಜಾಸ್ತಿ ಅಂಕ ಕೊಡುತ್ತೇನೆ.

ಈಗ ಹಳ್ಳಗಳು. ರನ್ ಓಡಿಸುವುದು ಸಬ್‌ಶೆಲ್ಲಿನಲ್ಲಿ, ಅಂದರೆ ಶೆಲ್ಲಿನ ಬೇರೆಯೇ ಪ್ರತಿಯಲ್ಲಿ. ಫಂಕ್ಷನ್ ಯಾವುದಾದರೂ ವೇರಿಯಬಲ್ ಬದಲಿಸಿದರೆ ಆ ಬದಲಾವಣೆ ಟೆಸ್ಟಿಗೆ ಕಾಣಲ್ಲ. ಅಂಥದ್ದನ್ನು ರನ್ ಇಲ್ಲದೆ ನೇರ ಕರೆಯಿರಿ. ರನ್ ಜೊತೆ ಪೈಪ್ ಹಾಕಿದರೆ ಪೈಪಿನ ಬಲಭಾಗ ರನ್ನಿನೊಳಗೆ ಸೇರಲ್ಲ. ಆಶ್ಚರ್ಯಸೂಚಕ ಹಾಕಿ "ಇದು ಇರಬಾರದು" ಅಂತ ಗ್ರೆಪ್ ಮಾಡಿದ (ಪದ ಹುಡುಕಿದ) ಸಾಲು ಟೆಸ್ಟಿನ ನಡುವೆ ಇದ್ದರೆ ಅದು ಫೇಲ್ ಆದರೂ ಟೆಸ್ಟ್ ಪಾಸಾಗುತ್ತದೆ. ಇದು ಬ್ಯಾಶ್‌ನ ನಿಯಮ, ಬ್ಯಾಟ್ಸ್‌ನ ತಪ್ಪಲ್ಲ. 1.5ನೇ ಆವೃತ್ತಿಯಿಂದ ರನ್ ಆದಮೇಲೆ ಆಶ್ಚರ್ಯಸೂಚಕ ಹಾಕುವ ಸರಿಯಾದ ದಾರಿ ಇದೆ. ಮ್ಯಾಕ್‌ನ ಬ್ಯಾಶ್ 3.2ರಲ್ಲಿ ಎರಡು ಚೌಕ ಬ್ರಾಕೆಟ್ಟಿನ ಪರೀಕ್ಷೆ ಫೇಲ್ ಆದರೂ ಟೆಸ್ಟ್ ನಿಲ್ಲದೆ ಹೋಗಬಹುದು, ಒಂದೇ ಬ್ರಾಕೆಟ್ ಬಳಸಿ. ಟೆಸ್ಟುಗಳ ಹೊರಗೆ ಬರೆದ ಕೋಡ್ ಒಂದು ಸಲ ಅಲ್ಲ, ಟೆಸ್ಟುಗಳ ಸಂಖ್ಯೆಗಿಂತ ಒಂದು ಜಾಸ್ತಿ ಸಲ ಓಡುತ್ತದೆ. ತಯಾರಿಯನ್ನು ಸೆಟಪ್ ಒಳಗೇ ಇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಶೆಲ್ಲಿನ ಪ್ರಶ್ನೆ. ಬ್ಯಾಟ್ಸ್ ಓಡುವುದು ಬ್ಯಾಶ್‌ನಲ್ಲಿ. ಸ್ಕ್ರಿಪ್ಟನ್ನು ಹೊರಗಿನಿಂದ ರನ್ ಮಾಡಿದರೆ ಅದರ ಮೊದಲ ಸಾಲಿನ ಶೆಲ್ಲೇ ಬರುತ್ತದೆ, ಚಿಂತೆಯಿಲ್ಲ. ಆದರೆ ಡ್ಯಾಶ್‌ಗೆ ಬರೆದ ಫಂಕ್ಷನ್ನನ್ನು ಸೋರ್ಸ್ ಮಾಡಿದರೆ ಅದನ್ನು ನೀವು ಬ್ಯಾಶ್‌ನಲ್ಲಿ ಪರೀಕ್ಷಿಸುತ್ತಿದ್ದೀರಿ. ಒಳಗೆ ತಪ್ಪಿ ಒಂದು ಬ್ಯಾಶ್ ಅರೇ ಸೇರಿಕೊಂಡಿದ್ದರೂ ಎಲ್ಲ ಟೆಸ್ಟ್ ಪಾಸ್. ಸರ್ವರಿನಲ್ಲಿ ಮಾತ್ರ ಫೇಲ್.

ಶೆಲ್‌ಸ್ಪೆಕ್

ಆ ಪ್ರಶ್ನೆಗೆ ಉತ್ತರ ಇದು. ಯಾವ ಶೆಲ್ಲಿನಲ್ಲಿ ಓಡಿಸಬೇಕು ಅಂತ ಆಪ್ಷನ್ ಕೊಟ್ಟರೆ ಅದೇ ಟೆಸ್ಟುಗಳು ಡ್ಯಾಶ್‌ನಲ್ಲಿ, ಬಿಝಿಬಾಕ್ಸ್ ಆಶ್‌ನಲ್ಲಿ, ಕಾರ್ನ್ ಶೆಲ್ಲಿನಲ್ಲಿ, ಝೆಡ್ ಶೆಲ್ಲಿನಲ್ಲಿ ಓಡುತ್ತವೆ. ಫಂಕ್ಷನ್ ಕೂಡ ಅದೇ ಶೆಲ್ಲಿನಲ್ಲೇ. ಇನ್‌ಸ್ಟಾಲ್ ಸ್ಕ್ರಿಪ್ಟ್ ಬರೆಯುವವರಿಗೆ, ಅಂದರೆ ಯಾರ ಮಷೀನಿನಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಓಡಬೇಕಾದ ಕೋಡಿಗೆ, ಇದಕ್ಕೆ ಸರಿಸಾಟಿ ನಾನು ನೋಡಿಲ್ಲ.

ನಕಲಿ ಕಮಾಂಡಿನಲ್ಲೂ ಇದು ಮುಂದೆ. ಟೆಸ್ಟಿನ ಒಳಗೇ ಕರ್ಲ್ ಹೆಸರಿನ ಫಂಕ್ಷನ್ ಬರೆದರೆ ಆ ಟೆಸ್ಟಿಗಷ್ಟೇ ಅನ್ವಯ, ಮುಗಿದ ಮೇಲೆ ತಾನಾಗೇ ಹೋಗುತ್ತದೆ. ಹೊರಗಿನ ಪ್ರೋಗ್ರಾಂ ಆಗಿಯೇ ನಟಿಸಬೇಕಾದರೆ ಮಾಕ್ ಎಂಬ ಬ್ಲಾಕ್ ಇದೆ. ಒಂದೇ ಟೆಸ್ಟನ್ನು ಹತ್ತು ಬೇರೆ ಇನ್‌ಪುಟ್ಟುಗಳಿಂದ ಓಡಿಸುವ ಸೌಲಭ್ಯ ಇದೆ. ನಮ್ಮ ಬ್ಯಾಕಪ್ ಫಂಕ್ಷನ್ನಿಗೆ ಅದು ಹೇಳಿಮಾಡಿಸಿದ್ದು. ಎಷ್ಟು ಸಾಲುಗಳಿಗೆ ಟೆಸ್ಟ್ ತಲುಪಿದೆ ಅಂತ ಕೆಕವ್ ಎಂಬ ಬೇರೆ ಟೂಲ್ ಮೂಲಕ ಲೆಕ್ಕ ಕೊಡುತ್ತದೆ, ಆದರೆ ಅದು ಬ್ಯಾಶ್, ಝೆಡ್ ಶೆಲ್, ಕಾರ್ನ್ ಶೆಲ್ಲಿಗೆ ಮಾತ್ರ. ಬ್ಯಾಟ್ಸ್‌ನಲ್ಲಿ ಟೆಸ್ಟುಗಳನ್ನು ಒಟ್ಟೊಟ್ಟಿಗೆ ಓಡಿಸಲು ಸಾಮಾನ್ಯವಾಗಿ ಗ್ನೂ ಪ್ಯಾರಲಲ್ ಎಂಬ ಇನ್ನೊಂದು ಪ್ರೋಗ್ರಾಂ ಹಾಕಿಕೊಳ್ಳಬೇಕು, ಇದರಲ್ಲಿ ಅದು ಒಳಗೇ ಇದೆ.

ಬೆಲೆ ಏನು? ಭಾಷೆ. ಡಿಸ್ಕ್ರೈಬ್, ಇಟ್, ವೆನ್ ಕಾಲ್, ದಿ ಔಟ್‌ಪುಟ್ ಶುಡ್ ಈಕ್ವಲ್ ಅಂತ ವಾಕ್ಯದಂತೆ ಬರೆಯಬೇಕು. ರೂಬಿಯ ಆರ್‌ಸ್ಪೆಕ್ ಬಲ್ಲವರಿಗೆ ಹಿತ. ಬರೀ ಶೆಲ್ ಗೊತ್ತಿರುವ ಸಿಸ್ಟಮ್ ಅಡ್ಮಿನ್‌ಗೆ ಮೊದಮೊದಲು ಕಿರಿಕಿರಿ. ಒಂದು ಟೆಸ್ಟಿನಲ್ಲಿ ವೆನ್ ಒಂದೇ ಸಲ, ಎರಡು ಹೆಜ್ಜೆಯ ಪರೀಕ್ಷೆಯನ್ನು ಸುಮ್ನೆ ಸಾಲಾಗಿ ಬರೆಯೋಕೆ ಆಗಲ್ಲ. ತೊಂದರೆ ಬಂದಾಗ ಹುಡುಕಿದರೆ ಸಿಗುವ ಉತ್ತರಗಳು ಬ್ಯಾಟ್ಸ್‌ಗಿಂತ ಕಡಿಮೆ. ತಂಡದಲ್ಲಿ ಒಬ್ಬರಾದರೂ ಇದನ್ನು ಕೂತು ಕಲಿಯಲು ಸಿದ್ಧರಿದ್ದರೆ ಮಾತ್ರ ತನ್ನಿ.

ನಕಲಿ ಕಮಾಂಡ್: ಎರಡು ದಾರಿ

ಟೂಲ್ ಯಾವುದೇ ಇರಲಿ, ಇದನ್ನು ಬೇರೆಯಾಗಿ ತೂಗಬೇಕು. ಒಂದು ದಾರಿ, ಅದೇ ಹೆಸರಿನ ಫಂಕ್ಷನ್ ಬರೆಯುವುದು. ಶೆಲ್ ಮೊದಲು ಫಂಕ್ಷನ್ ನೋಡುತ್ತದೆ, ಆಮೇಲೆ ಪ್ರೋಗ್ರಾಂ. ಬೇಗ ಆಗುತ್ತದೆ, ಫೈಲ್ ಬೇಡ. ಆದರೆ ಸ್ಕ್ರಿಪ್ಟ್ ಇನ್ನೊಂದು ಸ್ಕ್ರಿಪ್ಟನ್ನು ಕರೆದರೆ ಅಲ್ಲಿಗೆ ಈ ಫಂಕ್ಷನ್ ತಲುಪಲ್ಲ. ಬ್ಯಾಶ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಬಹುದು, ಡ್ಯಾಶ್‌ನಲ್ಲಿ ಇಲ್ಲ. ಬೇರೆ ಕಮಾಂಡುಗಳನ್ನು ಓಡಿಸಿಕೊಡುವ ಎಕ್ಸ್‌ಆರ್ಗ್ಸ್, ಸುಡೋ ಮೂಲಕ ಕರೆದರೂ ತಲುಪಲ್ಲ.

ಇನ್ನೊಂದು, ತಾತ್ಕಾಲಿಕ ಫೋಲ್ಡರಿನಲ್ಲಿ ಕರ್ಲ್ ಎಂಬ ಹೆಸರಿನ ಚಿಕ್ಕ ಸ್ಕ್ರಿಪ್ಟ್ ಇಟ್ಟು, ಆ ಫೋಲ್ಡರನ್ನು ಪಾತ್‌ನ (ಶೆಲ್ ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ) ಮೊದಲಿಗೆ ಸೇರಿಸುವುದು. ಅದು ತನಗೆ ಬಂದ ಆರ್ಗ್ಯುಮೆಂಟುಗಳನ್ನು ಒಂದು ಫೈಲಿಗೆ ಬರೆದಿಡಲಿ. ಆಮೇಲೆ ಆ ಫೈಲ್ ನೋಡಿ ಸರಿಯಾಗಿ ಕರೆದಿದೆಯಾ ಅಂತ ಪರೀಕ್ಷಿಸಿ. ಬರೆಯಲು ಸ್ವಲ್ಪ ಜಾಸ್ತಿ ಕೆಲಸ, ಆದರೆ ಒಳಗಿನ ಪ್ರೋಗ್ರಾಂಗಳಿಗೂ ತಲುಪುತ್ತದೆ. ಪಾತನ್ನೇ ಬದಲಿಸುವಂತೆ ಹೊಂದಿಸಿದ ಸುಡೋ ಇದ್ದರೆ ಇದೂ ತಲುಪಲ್ಲ ಅನ್ನುವುದು ನೆನಪಿರಲಿ. ಸ್ಕ್ರಿಪ್ಟಿನಲ್ಲಿ ಕರ್ಲ್‌ನ ಪೂರ್ತಿ ವಿಳಾಸ ಬರೆದಿದ್ದರೆ ಎರಡೂ ದಾರಿ ಮುಚ್ಚಿದಂತೆ. ಹಾಗಾಗಿ ಪೂರ್ತಿ ವಿಳಾಸ ಬೇಡ, ಅಥವಾ ವೇರಿಯಬಲ್ಲಿನಲ್ಲಿಡಿ.

ಹೊರಗಿನಿಂದ ಪೈಥಾನ್, ಅಥವಾ ಪೂರ್ತಿ ಪೈಥಾನ್

ತಂಡ ಆಗಲೇ ಪೈಥಾನ್‌ನ ಟೆಸ್ಟ್ ಟೂಲಾದ ಪೈಟೆಸ್ಟ್ ಬಳಸುತ್ತಿದ್ದರೆ ಶೆಲ್ ಸ್ಕ್ರಿಪ್ಟನ್ನು ಅದರಿಂದಲೇ ಓಡಿಸಿ ಔಟ್‌ಪುಟ್ ನೋಡಬಹುದು. ತಾತ್ಕಾಲಿಕ ಫೋಲ್ಡರ್, ಪಾತ್ ಬದಲಿಸುವುದು, ಹಲವು ಇನ್‌ಪುಟ್, ಎಲ್ಲವೂ ಸಿದ್ಧವಾಗಿವೆ. ಹೊಸ ಟೂಲಿಲ್ಲ, ಹೊಸ ಸಿಐ ಹೆಜ್ಜೆಯಿಲ್ಲ. ಆದರೆ ಒಳಗಿನ ಒಂದೊಂದು ಫಂಕ್ಷನ್ನನ್ನು ಮುಟ್ಟುವುದು ಬಳಸುದಾರಿ. ಸ್ಕ್ರಿಪ್ಟ್ ಚಿಕ್ಕದು, ಇಡಿಯಾಗಿ ನೋಡಿದರೆ ಸಾಕು ಅನ್ನುವಾಗ ಚೆನ್ನ.

ಸ್ಕ್ರಿಪ್ಟನ್ನೇ ಬದಲಿಸುವ ವಿಚಾರಕ್ಕೆ ಗೂಗಲ್‌ನ ಶೆಲ್ ಸ್ಟೈಲ್ ಗೈಡ್ ಒಂದು ಗೆರೆ ಎಳೆದಿದೆ: 100 ಸಾಲು ದಾಟಿದರೆ, ಅಥವಾ ಹರಿವು ನೇರವಾಗಿಲ್ಲದಿದ್ದರೆ, ಬೇರೆ ಭಾಷೆಯಲ್ಲಿ ಈಗಲೇ ಬರೆಯಿರಿ. ನನಗೆ ಸಾಲಿನ ಲೆಕ್ಕಕ್ಕಿಂತ ಒಳಗಿನ ವಸ್ತು ಮುಖ್ಯ. ಇನ್ನೂರು ಸಾಲಿದ್ದರೂ ಬರೀ ಕಮಾಂಡುಗಳನ್ನು ಸರದಿಯಲ್ಲಿ ಕರೆಯುವುದಾದರೆ ಶೆಲ್ಲೇ ಇರಲಿ. ಅರವತ್ತೇ ಸಾಲಿದ್ದರೂ ಪಠ್ಯ ತಿದ್ದುವ ಸೆಡ್‌ನಿಂದ ಜೇಸನ್ ರೂಪದ ಡೇಟಾ ಬಿಡಿಸುತ್ತಿದ್ದರೆ, ಅಸೋಸಿಯೇಟಿವ್ ಅರೇಯೊಳಗೆ ಡೇಟಾ ಕಟ್ಟುತ್ತಿದ್ದರೆ, ತಾರೀಕುಗಳನ್ನು ಕೂಡಿ ಕಳೆಯುತ್ತಿದ್ದರೆ ಬದಲಿಸಿ. ಪೂರ್ತಿ ಬದಲಿಸಲು ಸಮಯ ಇಲ್ಲವಾ? ಆ ಲೆಕ್ಕದ ಭಾಗವನ್ನಷ್ಟೇ ಪೈಥಾನ್‌ಗೆ ಕೊಟ್ಟು ಶೆಲ್ಲಿನಿಂದ ಕರೆಯಿರಿ.

ಟೆಸ್ಟ್ ಓಡುವ ಪರಿಸರ

ಕನ್ನಡದಲ್ಲಿ ಫೈಲ್ ಹೆಸರು, ಮೆಸೇಜ್ ಇಡುವವರು ಇದನ್ನು ಗಮನಿಸಲೇಬೇಕು. ಬ್ಯಾಶ್‌ಗೆ "ಕನ್ನಡ" ಎಂಬ ಪದದ ಉದ್ದ ಕೇಳಿ. ಯುಟಿಎಫ್-8 ಲೊಕೇಲಿನಲ್ಲಿ (ಲೊಕೇಲ್ ಅಂದರೆ ಭಾಷೆ, ಅಕ್ಷರಗಳ ಸೆಟ್ಟಿಂಗ್) 5 ಅನ್ನುತ್ತದೆ: ಕ, ನ, ವಿರಾಮ ಚಿಹ್ನೆ, ನ, ಡ. ಸಿ ಲೊಕೇಲಿನಲ್ಲಿ 15 ಅನ್ನುತ್ತದೆ, ಯಾಕಂದರೆ ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್. ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಮೊದಲನೆಯದು, ತೆಳು ಕಂಟೇನರಿನಲ್ಲಿ ಎಷ್ಟೋ ಸಲ ಎರಡನೆಯದು. ಸಾರ್ಟ್ ಕೂಡ ಲೊಕೇಲಿಗೆ ತಕ್ಕಂತೆ ಕ್ರಮ ಬದಲಿಸುತ್ತದೆ, ಇಂಗ್ಲಿಷ್ ಹೆಸರುಗಳಿಗೂ ಇದು ತಪ್ಪಿದ್ದಲ್ಲ. ಟೆಸ್ಟಿನ ಶುರುವಿನಲ್ಲೇ ಲೊಕೇಲ್ ಮತ್ತು ಟೈಮ್ ಝೋನ್ ನೀವೇ ನಿಗದಿ ಮಾಡಿ. ಭಾರತದ ಸಮಯದಲ್ಲಿ ಬೆಳಗಿನ ಜಾವ 5:30ರವರೆಗೆ ಯುಟಿಸಿಯಲ್ಲಿ ಇನ್ನೂ ಹಿಂದಿನ ದಿನ. ರಾತ್ರಿ ಓಡುವ ಬ್ಯಾಕಪ್ಪಿಗೆ ಈ ವ್ಯತ್ಯಾಸ ಚಿಕ್ಕದಲ್ಲ.

ಹಾಗಾದರೆ ನಿಮಗೆ ಯಾವುದು

ಬ್ಯಾಶ್ ಸ್ಕ್ರಿಪ್ಟ್, ಸಾಧಾರಣ ಗಾತ್ರ, ಮೂರ್ನಾಲ್ಕು ಜನರ ತಂಡ, ಮಾಮೂಲಿ ಸಿಐ: ಬ್ಯಾಟ್ಸ್ ಮತ್ತು ಶೆಲ್‌ಚೆಕ್. ಹೆಚ್ಚು ಯೋಚಿಸಬೇಡಿ.

ಡ್ಯಾಶ್, ಆಶ್ ಸೇರಿ ಹಲವು ಶೆಲ್ಲುಗಳಲ್ಲಿ ಓಡಲೇಬೇಕು, ಇಲ್ಲಾ ನಕಲಿ ಕಮಾಂಡುಗಳೇ ಅರ್ಧ ಟೆಸ್ಟ್: ಶೆಲ್‌ಸ್ಪೆಕ್. ಕಲಿಯಲು ಒಂದೆರಡು ದಿನ ಎತ್ತಿಡಿ.

ಏನನ್ನೂ ಇನ್‌ಸ್ಟಾಲ್ ಮಾಡುವಂತಿಲ್ಲ: ಶ್‌ಯುನಿಟ್2 ರೆಪೋದೊಳಗೇ ಇಡಿ. ಅದಕ್ಕೂ ಒಪ್ಪಿಗೆ ಸಿಗದಿದ್ದರೆ ಸ್ವಂತ ಇಪ್ಪತ್ತು ಸಾಲು.

ಪೈಥಾನ್ ತಂಡ, ಬೆರಳೆಣಿಕೆಯ ಚಿಕ್ಕ ಸ್ಕ್ರಿಪ್ಟುಗಳು: ಪೈಟೆಸ್ಟ್.

ಯಾರೋ ಬರೆದಿಟ್ಟು ಹೋದ, ಐನೂರು ಸಾಲಿನ, ಒಂದೂ ಫಂಕ್ಷನ್ ಇಲ್ಲದ ಸ್ಕ್ರಿಪ್ಟ್ ಕೈಗೆ ಬಂದಿದ್ದರೆ ಯಾವುದನ್ನೂ ತಕ್ಷಣ ಬದಲಿಸಬೇಡಿ. ಬಿಸಾಡಬಹುದಾದ ಕಂಟೇನರಿನಲ್ಲಿ ಅದನ್ನು ಇದ್ದ ಹಾಗೇ ಓಡಿಸಿ, ಇವತ್ತು ಏನು ಔಟ್‌ಪುಟ್ ಕೊಡುತ್ತದೋ ಅದನ್ನೇ ಬ್ಯಾಟ್ಸ್ ಟೆಸ್ಟಾಗಿ ಬರೆದಿಡಿ. ಅದು ಪಾಸಾಗುತ್ತಿರುವಾಗ ಒಂದೊಂದೇ ಲೆಕ್ಕವನ್ನು ಫಂಕ್ಷನ್ನಿಗೆ ಎಳೆಯಿರಿ, ಪ್ರತಿ ಸಲ ಓಡಿಸಿ. ಎಲ್ಲಿಂದ ಶುರು ಮಾಡೋದು ಗೊತ್ತಾಗದಿದ್ದರೆ ಸ್ಕ್ರಿಪ್ಟಿನಲ್ಲಿ ಆರ್‌ಎಂ ಎಲ್ಲೆಲ್ಲಿದೆ ಅಂತ ಗ್ರೆಪ್ ಮಾಡಿ. ಅದರ ಪಕ್ಕದ ವೇರಿಯಬಲ್ ಖಾಲಿಯಾದರೆ ಏನಾಗುತ್ತೆ ಅನ್ನುವುದೇ ಮೊದಲ ಟೆಸ್ಟ್ ಆಗಲಿ.